ಮೂರು ಶಾಖೆಯ ಕಾರ್ ವಾಷ್‌ಗೆ ಇಆರ್‌ಪಿನೆಕ್ಸ್ಟ್ ಹೊಂದಿಸುವುದು: ಟೋಕನ್‌ನಿಂದ ತಿಂಗಳ ಲೆಕ್ಕದವರೆಗೆ

ಇವತ್ತು ಎಷ್ಟು ಕಾರು ತೊಳೆದಿರಿ? ಎಷ್ಟು ಕಾರಿಗೆ ಬಿಲ್ ಆಯಿತು? ಒಂದೇ ಅಂಗಡಿ ಇದ್ದಾಗ ಈ ಎರಡು ಪ್ರಶ್ನೆಗೂ ಒಂದೇ ಉತ್ತರ. ಮಾಲೀಕರು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಕಣ್ಣೆದುರು ಕಾರು ಬರುತ್ತದೆ, ಹೋಗುತ್ತದೆ. ಎರಡನೇ ಶಾಖೆ ತೆರೆದ ದಿನದಿಂದ ಉತ್ತರ ಬೇರೆ ಬೇರೆ ಆಗತೊಡಗುತ್ತದೆ.

ನಮಗೆ ಇದು ಗೊತ್ತಾಗಿದ್ದು ಶಾಂಪೂ ಕ್ಯಾನಿನಿಂದ. ಒಂದು ಕಾರಿಗೆ ಸುಮಾರು 50 ಎಂಎಲ್ ಎಂದು ಅಳೆದು ಇಟ್ಟುಕೊಂಡಿದ್ದೆವು. 20 ಲೀಟರ್ ಕ್ಯಾನ್ ಅಂದರೆ 400 ಕಾರು. ಎರಡನೇ ಶಾಖೆಯಲ್ಲಿ ಕ್ಯಾನ್ ಖಾಲಿಯಾದಾಗ ಬಿಲ್ ಪುಸ್ತಕದಲ್ಲಿ ಇದ್ದದ್ದು 290. ಸ್ವಲ್ಪ ಭಾಗ ಹುಡುಗರು ಧಾರಾಳವಾಗಿ ಸುರಿದದ್ದು. ಉಳಿದದ್ದು ಪರಿಚಯದವರ ಕಾರು, 'ನಾಳೆ ಕೊಡ್ತೀನಿ' ಅಂದವರ ಕಾರು, ಸರಿಯಾಗಿ ಒರೆಸಿಲ್ಲ ಅಂತ ವಾಪಸ್ ಬಂದ ಕಾರು. ಕಳ್ಳತನ ಅಂತ ಯಾರನ್ನೂ ಬೆರಳು ಮಾಡುವಂತಿರಲಿಲ್ಲ. ಬರೆದಿಡುವ ಜಾಗವೇ ಇರಲಿಲ್ಲ, ಅಷ್ಟೇ.

ಅದಕ್ಕೇ, ಬಿಲ್, ಸ್ಟಾಕ್, ಲೆಕ್ಕ ಎಲ್ಲ ಒಂದೇ ಕಡೆ ಇಡುವ ಇಆರ್‌ಪಿನೆಕ್ಸ್ಟ್ ಎಂಬ ಸಾಫ್ಟ್‌ವೇರ್ ಹೊಂದಿಸುವ ಈ ಮಾರ್ಗದರ್ಶಿಯಲ್ಲಿ ನಾನು ಬಿಲ್‌ನಿಂದ ಶುರು ಮಾಡುವುದಿಲ್ಲ. ಗೇಟಿನೊಳಗೆ ಬಂದ ಕಾರಿನಿಂದ ಶುರು ಮಾಡುತ್ತೇನೆ. ಉದಾಹರಣೆಗೆ ಮೂರು ಶಾಖೆ ಇಟ್ಟುಕೊಳ್ಳೋಣ: ಮೈಸೂರಿನ ಕುವೆಂಪುನಗರ, ಮಂಡ್ಯ, ಬೆಂಗಳೂರಿನ ಕೆಂಗೇರಿ. ಒಂದೇ ಹೆದ್ದಾರಿಯ ಮೇಲಿರುವ ಮೂರು ಊರು. ಒಂದೇ ಗಿರಾಕಿ ಶುಕ್ರವಾರ ಕೆಂಗೇರಿಯಲ್ಲೂ ಭಾನುವಾರ ಮೈಸೂರಿನಲ್ಲೂ ಕಾಣಿಸಿಕೊಳ್ಳುತ್ತಾನೆ. ಈ ವಿಷಯ ಮುಂದೆ ತುಂಬಾ ಮುಖ್ಯವಾಗುತ್ತದೆ.

ಯಾಕೆ ಇಆರ್‌ಪಿನೆಕ್ಸ್ಟ್?

ಅಮೆರಿಕದಲ್ಲಿ ಕಾರ್ ವಾಷ್‌ಗೆಂದೇ ಮಾಡಿದ ಸಾಫ್ಟ್‌ವೇರ್‌ಗಳಿವೆ. ಅವು ಅಲ್ಲಿನ ಟನಲ್ ಯಂತ್ರ, ನಂಬರ್ ಪ್ಲೇಟ್ ಓದುವ ಕ್ಯಾಮೆರಾ, ತಿಂಗಳ ಮೆಂಬರ್‌ಶಿಪ್ ಇವುಗಳ ಸುತ್ತ ಕಟ್ಟಿದವು. ನಮ್ಮಲ್ಲಿ ಪ್ರೆಷರ್ ಗನ್, ಫೋಮ್, ವ್ಯಾಕ್ಯೂಮ್ ಮತ್ತು ನಾಲ್ಕೈದು ಹುಡುಗರು. ನಮಗೆ ಬೇಕಾದ್ದು ಜಿಎಸ್‌ಟಿ, ಯುಪಿಐ, ಸ್ಟಾಕ್, ಶಾಖೆವಾರು ಲಾಭ. ಇಆರ್‌ಪಿನೆಕ್ಸ್ಟ್ ಮುಂಬೈನ ಫ್ರಾಪೆ ಕಂಪನಿಯದು, ಓಪನ್ ಸೋರ್ಸ್. ಮುಖ್ಯವಾಗಿ, ಬೇಕಾದ ಹೊಸ ಫಾರಂ ಅನ್ನು ಕೋಡ್ ಬರೆಯದೆ ನಾವೇ ಮಾಡಿಕೊಳ್ಳಬಹುದು. ಇಲ್ಲಿ ಹೇಳುತ್ತಿರುವುದೆಲ್ಲ 15ನೇ ಆವೃತ್ತಿಗೆ ಸೇರಿದ್ದು. ಜಿಎಸ್‌ಟಿಗಾಗಿ 'ಇಂಡಿಯಾ ಕಂಪ್ಲಯನ್ಸ್' ಎಂಬ ಆ್ಯಪ್ ಅನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಅದನ್ನು ಮೊದಲ ದಿನವೇ ಹಾಕಿ.

ಒಂದು ಎಚ್ಚರಿಕೆ. ಇದರ ಪಿಒಎಸ್ ಪರದೆ, ಅಂದರೆ ಕೌಂಟರ್‌ನಲ್ಲಿ ಬಿಲ್ ಮಾಡುವ ಪರದೆ, ಇಂಟರ್ನೆಟ್ ಇಲ್ಲದೆ ಕೆಲಸ ಮಾಡುವುದಿಲ್ಲ. ಪ್ರತಿ ಶಾಖೆಯಲ್ಲಿ ಬ್ರಾಡ್‌ಬ್ಯಾಂಡ್ ಜೊತೆಗೆ ಒಂದು ಮೊಬೈಲ್ ಹಾಟ್‌ಸ್ಪಾಟ್ ಇರಲಿ. ಕಾರ್ಬನ್ ಹಾಕಿದ ಟೋಕನ್ ಪುಸ್ತಕವೂ ಒಂದಿರಲಿ.

ಹೆಜ್ಜೆ 1: ಕಂಪ್ಯೂಟರ್ ಮುಟ್ಟುವ ಮುಂಚೆ ಕಾಗದದ ಕೆಲಸ

ಮೂರೂ ಶಾಖೆ ಒಂದೇ ಮಾಲೀಕತ್ವ, ಒಂದೇ ರಾಜ್ಯ. ಹಾಗಾಗಿ ಒಂದೇ ಜಿಎಸ್‌ಟಿ ನಂಬರ್ ಸಾಕು. ಹೊಸ ಶಾಖೆಯನ್ನು ಅದೇ ನೋಂದಣಿಗೆ 'ಹೆಚ್ಚುವರಿ ವ್ಯವಹಾರ ಸ್ಥಳ' ಎಂದು 15 ದಿನದೊಳಗೆ ಸೇರಿಸಬೇಕು. ನಾಳೆ ಹೊಸೂರಿನಲ್ಲಿ ಶಾಖೆ ತೆರೆದರೆ ಅದು ತಮಿಳುನಾಡು, ಅದಕ್ಕೆ ಬೇರೆ ಜಿಎಸ್‌ಟಿ ನಂಬರ್.

ಕಾರ್ ವಾಷ್ ಸೇವೆಗೆ ತೆರಿಗೆ 18 ಶೇಕಡ: ಕೇಂದ್ರದ್ದು 9, ರಾಜ್ಯದ್ದು 9. ಸೇವೆಯ ಕೋಡ್ 9987ರ ಗುಂಪಿನಲ್ಲಿ ಬರುತ್ತದೆ. ಪೂರ್ತಿ ಆರು ಅಂಕಿಯನ್ನು ನಿಮ್ಮ ಆಡಿಟರ್ ಬಳಿ ಬರೆಸಿಕೊಂಡು ಬನ್ನಿ. ಐಟಂ ಮಾಡುವಾಗ ಅದು ಕೇಳಿಯೇ ಕೇಳುತ್ತದೆ.

ದರಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅಡ್ಡಕ್ಕೆ ಗಾಡಿಯ ಗಾತ್ರ, ಉದ್ದಕ್ಕೆ ಸೇವೆ. ತೆರಿಗೆ ಸೇರಿಸಿಯೇ ಬರೆಯಿರಿ. ಗಿರಾಕಿಗೆ 'ಐನೂರು, ಮೇಲೆ ಜಿಎಸ್‌ಟಿ' ಅಂದರೆ ಜಗಳ. '590' ಅಂದರೆ ಜಗಳವಿಲ್ಲ. ಅದರಲ್ಲಿ 500 ನಿಮ್ಮದು, 90 ತೆರಿಗೆ.

ಹೆಜ್ಜೆ 2: ಒಂದು ಕಂಪನಿ, ಮೂರು ಕಾಸ್ಟ್ ಸೆಂಟರ್

ಹೆಚ್ಚಿನವರು ಎಡವುವುದು ಇಲ್ಲೇ. ಮೂರು ಶಾಖೆ ಎಂದು ಮೂರು 'ಕಂಪನಿ' ಮಾಡಿಬಿಡುತ್ತಾರೆ. ಆಮೇಲೆ ಶಾಂಪೂ ಕ್ಯಾನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಿದರೂ ಮಾರಾಟ, ಖರೀದಿ ಎಂದು ತೋರಿಸಬೇಕಾಗುತ್ತದೆ. ಇಆರ್‌ಪಿನೆಕ್ಸ್ಟ್‌ನಲ್ಲಿ ಕಂಪನಿ ಅಂದರೆ ಕಾನೂನಿನ ಲೆಕ್ಕದ ಒಂದು ಸಂಸ್ಥೆ. ನಿಮ್ಮ ಪ್ಯಾನ್ ಒಂದೇ ಇದ್ದರೆ ಕಂಪನಿಯೂ ಒಂದೇ.

ಶಾಖೆಯ ಗುರುತಿಗೆ ಕಾಸ್ಟ್ ಸೆಂಟರ್ ಬಳಸಿ. ಒಂದೇ ಕಂಪನಿಯೊಳಗೆ ಆದಾಯ, ಖರ್ಚನ್ನು ಬೇರೆ ಬೇರೆಯಾಗಿ ತೋರಿಸುವ ವಿಭಾಗ ಅದು. ಅಕೌಂಟಿಂಗ್‌ನಲ್ಲಿ ಕಾಸ್ಟ್ ಸೆಂಟರ್ ಮರ ತೆಗೆದು ಅದರ ಕೆಳಗೆ ಕುವೆಂಪುನಗರ, ಮಂಡ್ಯ, ಕೆಂಗೇರಿ ಎಂದು ಮೂರು ಮಾಡಿ. ನಾಲ್ಕನೆಯದಾಗಿ 'ಕಚೇರಿ' ಎಂದು ಒಂದು ಇರಲಿ. ಆಡಿಟರ್ ಫೀಸು, ಸಾಫ್ಟ್‌ವೇರ್ ಬಾಡಿಗೆ ಇಂಥ ಯಾವ ಶಾಖೆಗೂ ಸೇರದ ಖರ್ಚು ಅಲ್ಲಿಗೆ ಹೋಗಲಿ. ಅವನ್ನು ಮೂರಕ್ಕೂ ಹಂಚಲು ಹೋದರೆ ಪ್ರತಿ ತಿಂಗಳೂ ವಾದ ನಡೆಯುತ್ತದೆ, ಲೆಕ್ಕ ಮುಂದೆ ಹೋಗುವುದಿಲ್ಲ.

ವೇರ್‌ಹೌಸ್ ಕೂಡ ಹಾಗೇ: ಪ್ರತಿ ಶಾಖೆಗೆ ಒಂದೊಂದು ಸ್ಟೋರ್. ಪ್ರತಿ ಶಾಖೆಯ ವಿಳಾಸವನ್ನೂ 'ಅಡ್ರೆಸ್' ನಲ್ಲಿ ಜಿಎಸ್‌ಟಿ ನಂಬರ್ ಸಮೇತ ಸೇರಿಸಿ. ಬಿಲ್ಲಿನ ಮೇಲೆ ಆಯಾ ಶಾಖೆಯ ವಿಳಾಸವೇ ಬರಬೇಕು.

ಹೆಜ್ಜೆ 3: ಸೇವೆಗಳು ಮತ್ತು ದರ

ಐಟಂ ಮಾಡುವಾಗ ಸೇವೆಗಳಿಗೆ 'ಮೇಂಟೇನ್ ಸ್ಟಾಕ್' ಟಿಕ್ ತೆಗೆಯಿರಿ. 'ಫೋಮ್ ವಾಷ್' ಎಂಬ ಒಂದು ಮೂಲ ಐಟಂ, ಅದಕ್ಕೆ 'ಗಾಡಿ ಗಾತ್ರ' ಎಂಬ ಆಟ್ರಿಬ್ಯೂಟ್, ಅದರಿಂದ ಹ್ಯಾಚ್‌ಬ್ಯಾಕ್, ಸೆಡಾನ್, ಎಸ್‌ಯುವಿ ಎಂಬ ವೇರಿಯಂಟ್‌ಗಳು. ಗಾತ್ರ ಮೂರೇ ಸಾಕು. ನಾವು ಮೊದಲು ಆರು ಮಾಡಿದ್ದೆವು. ಕಾಂಪ್ಯಾಕ್ಟ್ ಎಸ್‌ಯುವಿ ಯಾವುದು, ದೊಡ್ಡದು ಯಾವುದು ಎಂದು ಕೌಂಟರ್‌ನಲ್ಲಿ ದಿನವೂ ಚರ್ಚೆ ನಡೆಯುತ್ತಿತ್ತು.

ಕೆಂಗೇರಿಯ ಬಾಡಿಗೆ ಜಾಸ್ತಿ, ದರವೂ ಜಾಸ್ತಿ. ಅದಕ್ಕೆ 'ಪ್ರೈಸ್ ಲಿಸ್ಟ್' ಎರಡು ಮಾಡಿ: ಒಂದು ಕೆಂಗೇರಿಗೆ, ಇನ್ನೊಂದು ಮೈಸೂರು ಮತ್ತು ಮಂಡ್ಯಕ್ಕೆ. ಟ್ಯಾಕ್ಸ್ ಟೆಂಪ್ಲೇಟಿನ ಎರಡೂ ಸಾಲಿನಲ್ಲಿ 'ಈ ತೆರಿಗೆ ಮೂಲ ದರದಲ್ಲೇ ಸೇರಿದೆ' ಎಂಬ ಟಿಕ್ ಹಾಕಿ. ಇದು ಮರೆತರೆ 590ರ ಮೇಲೆ ಮತ್ತೆ 18 ಶೇಕಡ ಏರಿ 696 ರೂಪಾಯಿ 20 ಪೈಸೆ ಆಗುತ್ತದೆ.

ಹೆಜ್ಜೆ 4: ಗಾಡಿ ನಂಬರ್

ನಮ್ಮ ವ್ಯವಹಾರದಲ್ಲಿ ಗಿರಾಕಿಯ ಹೆಸರಿಗಿಂತ ಗಾಡಿ ನಂಬರೇ ಗಟ್ಟಿ ಗುರುತು. ಗಂಡ ತಂದರೂ ಹೆಂಡತಿ ತಂದರೂ ಡ್ರೈವರ್ ತಂದರೂ ಕಾರು ಅದೇ. ಇಆರ್‌ಪಿನೆಕ್ಸ್ಟ್‌ನಲ್ಲಿ 'ವೆಹಿಕಲ್' ಎಂಬ ಫಾರಂ ಮೊದಲೇ ಇದೆ, ಆದರೆ ಅದು ನಿಮ್ಮ ಕಂಪನಿಯ ಸ್ವಂತ ಗಾಡಿಗಳಿಗೆ. ಅದನ್ನು ಬಳಸಬೇಡಿ. 'ಗಿರಾಕಿ ಗಾಡಿ' ಎಂಬ ಹೊಸ ಡಾಕ್‌ಟೈಪ್ ಮಾಡಿ (ಇಆರ್‌ಪಿನೆಕ್ಸ್ಟ್‌ನಲ್ಲಿ ಒಂದು ಬಗೆಯ ಫಾರಂಗೆ ಡಾಕ್‌ಟೈಪ್ ಎನ್ನುತ್ತಾರೆ). ಅದರಲ್ಲಿ ನೋಂದಣಿ ಸಂಖ್ಯೆ, ಗಿರಾಕಿ, ಗಾತ್ರ, ಬಣ್ಣ, ಇಷ್ಟು ಸಾಕು. ದಾಖಲೆಯ ಹೆಸರು ನೋಂದಣಿ ಸಂಖ್ಯೆಯಿಂದಲೇ ಬರುವಂತೆ ಇಡಿ. ಆಗ ಒಂದೇ ನಂಬರ್ ಎರಡು ಸಲ ಸೇರುವುದಿಲ್ಲ.

ಆದರೆ 'ಕೆಎ-09' ಎಂದು ಒಬ್ಬ, 'ಕೆಎ 09' ಎಂದು ಇನ್ನೊಬ್ಬ, 'ಕೆಎ9' ಎಂದು ಮತ್ತೊಬ್ಬ ಟೈಪ್ ಮಾಡಿದರೆ ಅದೇ ಕಾರು ಮೂರು ಕಾರಾಗುತ್ತದೆ. ನಿಯಮ ಒಂದೇ ಇರಲಿ: ಎಲ್ಲ ಅಕ್ಷರ ದೊಡ್ಡದು, ನಡುವೆ ಜಾಗವಿಲ್ಲ, ಗೆರೆಯಿಲ್ಲ, ಜಿಲ್ಲೆಯ ಅಂಕಿ ಎರಡು. ಇದನ್ನು ತಾನಾಗಿ ಸರಿಮಾಡುವ ನಾಲ್ಕು ಸಾಲಿನ ಪುಟ್ಟ ಕೋಡ್, ಅಂದರೆ ಕ್ಲೈಂಟ್ ಸ್ಕ್ರಿಪ್ಟ್ ಅನ್ನು ಯಾವ ಡೆವಲಪರ್ ಬೇಕಾದರೂ ಬರೆದುಕೊಡುತ್ತಾರೆ. 2021ರಿಂದ ಬಂದ ಬಿಎಚ್ (ಭಾರತ್) ಸರಣಿಯ ನಂಬರ್‌ಗಳು ವರ್ಷದ ಎರಡು ಅಂಕಿಯಿಂದ ಶುರುವಾಗುತ್ತವೆ ಎಂದು ಅವರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಸ್ಕ್ರಿಪ್ಟ್ ಆ ಕಾರುಗಳನ್ನು ತಪ್ಪು ಎಂದು ತಳ್ಳಿಬಿಡುತ್ತದೆ. ಬೆಂಗಳೂರಿನ ಕಡೆ ಅಂಥ ಕಾರು ಆಗಾಗ ಬರುತ್ತವೆ.

ಹೆಜ್ಜೆ 5: ಟೋಕನ್

ಇಡೀ ವ್ಯವಸ್ಥೆಯ ಬೆನ್ನೆಲುಬು ಇದು. ಬೇರೆಲ್ಲ ಹೆಜ್ಜೆಗೆ ಒಂದು ಗಂಟೆ ಕೊಟ್ಟರೆ ಇದಕ್ಕೆ ಒಂದು ದಿನ ಕೊಡಿ.

'ವಾಷ್ ಟೋಕನ್' ಎಂಬ ಹೊಸ ಡಾಕ್‌ಟೈಪ್ ಮಾಡಿ. ಕಾರು ಗೇಟಿನೊಳಗೆ ಬಂದ ತಕ್ಷಣ, ನೀರು ಬೀಳುವ ಮುಂಚೆ, ಟೋಕನ್ ಆಗಬೇಕು. ಅದರಲ್ಲಿ ಗಾಡಿ, ಸೇವೆ, ಕಾಸ್ಟ್ ಸೆಂಟರ್, ಬಂದ ಸಮಯ, ಹೋದ ಸಮಯ, ಸ್ಥಿತಿ ಇರಲಿ. ಕೆಲಸ ಮಾಡಿದ ಹುಡುಗರಿಗೆ ಒಂದು ಚಿಕ್ಕ ಟೇಬಲ್. ಕಾರಿನ ಫೋಟೊಗೆ ಒಂದು ಖಾನೆ. ಹಳೆಯ ಗೀರು ಯಾರದು ಎಂಬ ಮಾತು ಬಂದಾಗ ಆ ಫೋಟೊ ನಿಮ್ಮನ್ನೂ ಗಿರಾಕಿಯನ್ನೂ ಕಾಪಾಡುತ್ತದೆ. ಕೊನೆಯಲ್ಲಿ ಮೂರು ಖಾನೆ: ಬಿಲ್ ನಂಬರ್, ಪ್ಯಾಕ್ (ಮುಂಗಡ ಕೊಟ್ಟು ಕೊಂಡ ಹತ್ತು ವಾಷ್‌ನ ಪ್ಯಾಕ್, ಹೆಜ್ಜೆ 8ರಲ್ಲಿ ಬರುತ್ತದೆ), ಮತ್ತು 'ಬಿಲ್ ಇಲ್ಲದ ಕಾರಣ'.

ಬಿಲ್ ನಂಬರ್ ಖಾನೆ ಪಿಒಎಸ್ ಇನ್ವಾಯ್ಸ್‌ಗೆ ಲಿಂಕ್ ಆಗಿರಲಿ ಮತ್ತು 'ಯೂನಿಕ್' ಆಗಿರಲಿ. ಆಗ ಒಂದೇ ಬಿಲ್ ತೋರಿಸಿ ಎರಡು ಕಾರು ಹೊರಗೆ ಹೋಗುವುದಿಲ್ಲ. ಮನೆಯ ಎರಡು ಕಾರು ಒಟ್ಟಿಗೆ ತಂದವರಿಗೆ ಎರಡು ಬಿಲ್ ಮಾಡಿ.

ಕಾರಣದ ಖಾನೆಯಲ್ಲಿ ಆಯ್ಕೆಗಳು ಕೆಲವೇ ಇರಲಿ: ಮರುವಾಷ್, ತಿಂಗಳ ಬಿಲ್ಲಿನ ಗಿರಾಕಿ, ಮಾಲೀಕರ ಗಾಡಿ, ಉಚಿತ. 'ಉಚಿತ' ಇರಲೇಬೇಕು. ಊರಿನಲ್ಲಿ ಅಂಗಡಿ ಇಟ್ಟಮೇಲೆ ಕೆಲವರಿಗೆ ಬಿಟ್ಟಿ ಮಾಡಿಕೊಡುವುದು ಇದ್ದೇ ಇರುತ್ತದೆ. ಅದನ್ನು ತಡೆಯಲು ಹೋದರೆ ಟೋಕನ್ನೇ ಆಗುವುದಿಲ್ಲ. ಬರೆಯಲು ಬಿಡಿ. ತಿಂಗಳಿಗೆ ಎಷ್ಟು ಎಂದು ನಿಮಗೆ ಗೊತ್ತಾದರೆ ಸಾಕು, ಅಲ್ವಾ?

ಈಗ ತಡೆ. ಕಾರಣದ ಖಾನೆಗೆ 'ಮ್ಯಾಂಡೇಟರಿ ಡಿಪೆಂಡ್ಸ್ ಆನ್' ಎಂಬ ಷರತ್ತು ಹಾಕಬಹುದು. ಸ್ಥಿತಿ 'ಹೋಯಿತು' ಆಗಿ, ಬಿಲ್ಲೂ ಇಲ್ಲ ಪ್ಯಾಕೂ ಇಲ್ಲ ಅಂದರೆ ಕಾರಣ ಬರೆಯದೆ ಸೇವ್ ಆಗುವುದಿಲ್ಲ. ಸ್ಥಿತಿಯ ಖಾನೆ 'ಸೆಲೆಕ್ಟ್' ಬಗೆಯದಾಗಿದ್ದರೆ ಅದರ ಮೇಲೆ ಕಾನ್‌ಬಾನ್ ಬೋರ್ಡ್ ಕೂಡ ಮಾಡಬಹುದು. ಪ್ರತಿ ಸ್ಥಿತಿಗೂ ಒಂದು ಕಾಲಂ, ಪ್ರತಿ ಕಾರಿಗೂ ಒಂದು ಕಾರ್ಡ್ ತೋರಿಸುವ ಫಲಕ ಅದು: ಕಾಯುತ್ತಿದೆ, ತೊಳೆಯುತ್ತಿದ್ದಾರೆ, ಒರೆಸುತ್ತಿದ್ದಾರೆ, ರೆಡಿ. ಗೋಡೆಗೆ ಹಳೆಯ ಟಿವಿ ಹಾಕಿ ಅದನ್ನು ತೋರಿಸಿದರೆ ಗಿರಾಕಿ ಪದೇ ಪದೇ 'ಆಯ್ತಾ?' ಎಂದು ಕೇಳುವುದು ನಿಲ್ಲುತ್ತದೆ. ಒಂದು ಮಾತು ಮಾತ್ರ ನೆನಪಿಡಿ. ಕಾನ್‌ಬಾನ್‌ನಲ್ಲಿ ಕಾರ್ಡನ್ನು ಎಳೆದು ಬಿಟ್ಟರೆ ಮೇಲೆ ಹೇಳಿದ ತಡೆ ಕೆಲಸ ಮಾಡುವುದಿಲ್ಲ. ಹಾಗಾಗಿ 'ಹೋಯಿತು' ಎಂಬ ಕಾಲಂ ಅನ್ನು ಬೋರ್ಡಿನಿಂದ ತೆಗೆದುಬಿಡಿ. ಆ ಕೊನೆಯ ಹೆಜ್ಜೆ ಟೋಕನ್ ತೆರೆದೇ ಆಗಬೇಕು.

ಸ್ಥಿತಿಗಳ ಹೆಸರು ಕನ್ನಡದಲ್ಲೇ ಇರಲಿ. ನಮ್ಮ ಹುಡುಗರಲ್ಲಿ ಬಿಹಾರ, ಅಸ್ಸಾಂ ಕಡೆಯವರೂ ಇದ್ದಾರೆ. ಅವರು ಓದುವುದು ಬಣ್ಣವನ್ನು. ಕಾನ್‌ಬಾನ್ ಕಾಲಂಗೆ ಬಣ್ಣ ಕೊಡಿ, ಎರಡು ದಿನದಲ್ಲಿ ಎಲ್ಲರಿಗೂ ಅಭ್ಯಾಸವಾಗುತ್ತದೆ.

ಹೆಜ್ಜೆ 6: ಗಲ್ಲಾ

ಪ್ರತಿ ಶಾಖೆಗೆ ಒಂದು 'ಪಿಒಎಸ್ ಪ್ರೊಫೈಲ್' ಮಾಡಿ. ಅದರಲ್ಲಿ ಆ ಶಾಖೆಯ ವೇರ್‌ಹೌಸ್, ಕಾಸ್ಟ್ ಸೆಂಟರ್, ಪ್ರೈಸ್ ಲಿಸ್ಟ್, ಟ್ಯಾಕ್ಸ್ ಟೆಂಪ್ಲೇಟ್, ವಿಳಾಸ, ಬಳಸುವ ಕ್ಯಾಷಿಯರ್‌ಗಳು. ದರ ಬದಲಿಸುವ ಮತ್ತು ರಿಯಾಯಿತಿ ಕೊಡುವ ಎರಡು ಟಿಕ್‌ಗಳನ್ನು ಖಾಲಿ ಬಿಡಿ. ರಿಯಾಯಿತಿ ಬೇಕಾದರೆ ಮಾಲೀಕರು 'ಪ್ರೈಸಿಂಗ್ ರೂಲ್' ಮಾಡಲಿ.

ಪಾವತಿ ವಿಧಾನದಲ್ಲಿ ಒಂದು ಸಿಕ್ಕು ಇದೆ. ಇಆರ್‌ಪಿನೆಕ್ಸ್ಟ್‌ನಲ್ಲಿ ಒಂದು 'ಮೋಡ್ ಆಫ್ ಪೇಮೆಂಟ್' ಗೆ ಒಂದು ಕಂಪನಿಯಲ್ಲಿ ಒಂದೇ ಖಾತೆ. ಮೂರೂ ಶಾಖೆಗೆ 'ಕ್ಯಾಶ್' ಎಂದು ಒಂದೇ ವಿಧಾನ ಇಟ್ಟರೆ ಮೂರು ಗಲ್ಲಾದ ದುಡ್ಡು ಪುಸ್ತಕದಲ್ಲಿ ಒಂದೇ ರಾಶಿಯಾಗುತ್ತದೆ. ಮಂಡ್ಯದಲ್ಲಿ ಎಷ್ಟಿರಬೇಕು ಎಂದು ಹೇಳಲಾಗುವುದಿಲ್ಲ. ಆದ್ದರಿಂದ 'ನಗದು ಮಂಡ್ಯ', 'ನಗದು ಕೆಂಗೇರಿ', 'ನಗದು ಕುವೆಂಪುನಗರ' ಎಂದು ಮೂರು ವಿಧಾನ, ಮೂರು ಖಾತೆ ಮಾಡಿ. ಯುಪಿಐಗೂ ಹಾಗೇ ಮೂರು. ಯುಪಿಐ ದುಡ್ಡು ನೇರ ಬ್ಯಾಂಕ್ ಖಾತೆಗೆ ಹೋಯಿತು ಎಂದು ಬರೆಯಬೇಡಿ. 'ಯುಪಿಐ ಬರಬೇಕಾದ್ದು' ಎಂಬ ನಡುವಿನ ಖಾತೆಗೆ ಹಾಕಿ. ಬ್ಯಾಂಕಿಗೆ ಬಂದಮೇಲೆ 'ಬ್ಯಾಂಕ್ ರೀಕನ್ಸಿಲಿಯೇಶನ್' ಮೂಲಕ ಅಲ್ಲಿಂದ ಇಳಿಸಿ. ನಡುವಿನ ಖಾತೆಯಲ್ಲಿ ಹಳೆಯ ಬಾಕಿ ಉಳಿದರೆ ಏನೋ ತಪ್ಪಿದೆ ಎಂದು ಅದೇ ಹೇಳುತ್ತದೆ.

ಕ್ಯಾಷಿಯರ್‌ಗೆ ಒಂದು ನಿಯಮ. ಗಿರಾಕಿಯ ಮೊಬೈಲಿನ ಪರದೆ ನೋಡಿ ಬಿಲ್ ಮಾಡಬಾರದು. ಸೌಂಡ್‌ಬಾಕ್ಸ್ ಕೂಗಿದ ಮೇಲೆಯೇ ಮಾಡಬೇಕು.

ದಿನದ ಶುರುವಿನಲ್ಲಿ 'ಪಿಒಎಸ್ ಓಪನಿಂಗ್ ಎಂಟ್ರಿ', ಮುಗಿದಾಗ 'ಕ್ಲೋಸಿಂಗ್ ಎಂಟ್ರಿ'. ಕ್ಲೋಸಿಂಗ್‌ನಲ್ಲಿ ಇರಬೇಕಾದ ಮೊತ್ತವನ್ನು ಸಾಫ್ಟ್‌ವೇರ್ ಮೊದಲೇ ತೋರಿಸಿಬಿಡುತ್ತದೆ. ಅದನ್ನು ನೋಡಿದವರು ಅದೇ ಅಂಕಿಯನ್ನು ಟೈಪ್ ಮಾಡುವುದು ಸಹಜ. ಅದಕ್ಕೆ ನಮ್ಮಲ್ಲಿ ಕ್ಯಾಷಿಯರ್ ಮೊದಲು ದುಡ್ಡು ಎಣಿಸಿ, ನೋಟುವಾರು ಚೀಟಿ ಬರೆದು, ಅದರ ಫೋಟೊ ಗುಂಪಿಗೆ ಕಳಿಸಬೇಕು. ಆಮೇಲೆ ಮ್ಯಾನೇಜರ್ ಕ್ಲೋಸಿಂಗ್ ಮಾಡುತ್ತಾರೆ. ಹತ್ತಿಪ್ಪತ್ತು ರೂಪಾಯಿ ಚಿಲ್ಲರೆ ವ್ಯತ್ಯಾಸ ಬಂದರೆ ಬೈಯಬೇಡಿ. ಬೈದರೆ ಮುಂದಿನ ದಿನದಿಂದ ವ್ಯತ್ಯಾಸವೇ ಬರುವುದಿಲ್ಲ, ಸತ್ಯವೂ ಬರುವುದಿಲ್ಲ.

ಹೆಜ್ಜೆ 7: ಬಿಲ್ ಸಂಖ್ಯೆ

ಜಿಎಸ್‌ಟಿ ನಿಯಮದಂತೆ ಬಿಲ್ ಸಂಖ್ಯೆ 16 ಅಕ್ಷರ ಮೀರಬಾರದು, ಸಾಲಾಗಿ ಬರಬೇಕು, ಆ ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಇಷ್ಟೇ ಬಳಸಬಹುದು. ಒಂದಕ್ಕಿಂತ ಹೆಚ್ಚು ಸರಣಿ ಇರಬಹುದು, ಹಾಗಾಗಿ ಶಾಖೆಗೊಂದು ಸರಣಿ ಇಡಿ. ಶಾಖೆಗೆ ಎರಡು ಇಂಗ್ಲಿಷ್ ಅಕ್ಷರ, ಓರೆಗೆರೆ, 26-27, ಓರೆಗೆರೆ, ಐದು ಅಂಕಿ. ಒಟ್ಟು 14.

ಇದಕ್ಕೆ 'ಡಾಕ್ಯುಮೆಂಟ್ ನೇಮಿಂಗ್ ರೂಲ್' ಬಳಸಿ. ಪಿಒಎಸ್ ಪ್ರೊಫೈಲ್ ಇಂಥದ್ದಾದರೆ ಇಂಥ ಪೂರ್ವಾಕ್ಷರ ಎಂದು ಶಾಖೆಗೊಂದರಂತೆ ಮೂರು ರೂಲ್. ಏಪ್ರಿಲ್ 1ರ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ವರ್ಷದ ಅಂಕಿ ಬದಲಿಸಿ ಎಣಿಕೆಯನ್ನು ಸೊನ್ನೆಗೆ ತನ್ನಿ. ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ.

ಇನ್ನೊಂದು ಸೂಕ್ಷ್ಮ ವಿಷಯ. ಕ್ಲೋಸಿಂಗ್ ಮಾಡಿದಾಗ ಆ ದಿನದ ಪಿಒಎಸ್ ಬಿಲ್‌ಗಳನ್ನು ಸಾಫ್ಟ್‌ವೇರ್ ಒಟ್ಟುಗೂಡಿಸಿ ಹೊಸ ಸೇಲ್ಸ್ ಇನ್ವಾಯ್ಸ್ ಮಾಡುತ್ತದೆ. ಸಾಮಾನ್ಯ ಗಿರಾಕಿಗೆ ಇದರಿಂದ ತೊಂದರೆಯಿಲ್ಲ. ಆದರೆ ಜಿಎಸ್‌ಟಿ ನಂಬರ್ ಇರುವ ಗಿರಾಕಿಯ ಕೈಯಲ್ಲಿ ಒಂದು ಸಂಖ್ಯೆ, ರಿಟರ್ನ್‌ನಲ್ಲಿ ಇನ್ನೊಂದು ಸಂಖ್ಯೆ ಆಗಿಬಿಡುತ್ತದೆ. ಟ್ರಾವೆಲ್ಸ್‌ನವರು, ಕಂಪನಿ ಕಾರಿನವರು ಬಂದರೆ ಪಿಒಎಸ್ ಬಿಟ್ಟು ನೇರ ಸೇಲ್ಸ್ ಇನ್ವಾಯ್ಸ್ ಮಾಡಿ. ಅಂಥವರಿಗೆ ತಿಂಗಳಿಗೊಮ್ಮೆ ಬಿಲ್ ಮಾಡುವುದೇ ಅನುಕೂಲ. ಟೋಕನ್‌ಗಳ ಪಟ್ಟಿಯನ್ನು ಬಿಲ್ಲಿನ ಜೊತೆ ಕೊಟ್ಟರೆ ಅವರ ಅಕೌಂಟೆಂಟ್ ಮರುಮಾತಿಲ್ಲದೆ ಪಾಸ್ ಮಾಡುತ್ತಾರೆ.

ಹೆಜ್ಜೆ 8: ಹತ್ತು ವಾಷ್‌ನ ಪ್ಯಾಕ್

ಒಂದಕ್ಕಿಂತ ಹೆಚ್ಚು ಶಾಖೆ ಇರುವವರಿಗೆ ದೊಡ್ಡ ಲಾಭವೂ ದೊಡ್ಡ ತಲೆನೋವೂ ಇದೇ. ಗಿರಾಕಿ ಕುವೆಂಪುನಗರದಲ್ಲಿ 4,720 ರೂಪಾಯಿ ಕೊಟ್ಟು ಹತ್ತು ವಾಷ್‌ನ ಪ್ಯಾಕ್ ತೆಗೆದುಕೊಂಡ. ಆರು ಸಲ ಕೆಂಗೇರಿಯಲ್ಲಿ ತೊಳೆಸಿದ. ದುಡ್ಡು ಮೈಸೂರಿನ ಪುಸ್ತಕದಲ್ಲಿ, ನೀರು, ಶಾಂಪೂ, ಹುಡುಗರ ಬೆವರು ಕೆಂಗೇರಿಯದು. ತಿಂಗಳ ಕೊನೆಗೆ ಕೆಂಗೇರಿ ನಷ್ಟದಲ್ಲಿ ಕಾಣುತ್ತದೆ. ಅಲ್ಲಿನ ಮ್ಯಾನೇಜರ್ ಪ್ಯಾಕ್ ಗಿರಾಕಿಗಳನ್ನು ಕಂಡರೆ ಮುಖ ಗಂಟು ಹಾಕತೊಡಗುತ್ತಾರೆ. ತಪ್ಪು ಅವರದಲ್ಲ, ಲೆಕ್ಕದ್ದು.

ಮೊದಲು ತೆರಿಗೆ. ಸೇವೆಗೆ ಮುಂಗಡ ದುಡ್ಡು ತೆಗೆದುಕೊಂಡರೂ ಜಿಎಸ್‌ಟಿ ಆಗಲೇ ಬರುತ್ತದೆ. ಕೊನೆಯ ವಾಷ್ ಆಗಲಿ ಎಂದು ಕಾಯುವಂತಿಲ್ಲ. ಪ್ಯಾಕ್ ಮಾರಿದ ದಿನವೇ ಪೂರ್ತಿ ಮೊತ್ತಕ್ಕೆ ಬಿಲ್ ಮಾಡಿ: 4,000 ನಿಮ್ಮದು, 720 ತೆರಿಗೆ. ಆಮೇಲಿನ ಹತ್ತು ವಾಷ್‌ಗೆ ಬಿಲ್ ಬೇಡ, ಟೋಕನ್ ಸಾಕು.

'ವಾಷ್ ಪ್ಯಾಕ್' ಎಂದು ಇನ್ನೊಂದು ಡಾಕ್‌ಟೈಪ್ ಮಾಡಿ. ಗಿರಾಕಿ, ಗಾಡಿ, ಮಾರಿದ ಶಾಖೆ, ಬಿಲ್ ನಂಬರ್, ಒಟ್ಟು ವಾಷ್, ಕೊನೆಯ ದಿನಾಂಕ. 'ಬಳಸಿದ್ದು ಎಷ್ಟು' ಎಂಬ ಖಾನೆ ಬೇಡವೇ ಬೇಡ. ಅದನ್ನು ಇಟ್ಟರೆ ಯಾರೋ ಏರಿಸುವುದನ್ನು ಮರೆಯುತ್ತಾರೆ, ಆಮೇಲೆ ಗಿರಾಕಿಯ ನೆನಪಿಗೂ ನಿಮ್ಮ ಅಂಕಿಗೂ ಹೊಂದುವುದಿಲ್ಲ. ಬದಲಿಗೆ ಟೋಕನ್‌ಗಳನ್ನೇ ಎಣಿಸಿ. ವಾಷ್ ಪ್ಯಾಕ್‌ನ ಡಾಕ್‌ಟೈಪ್‌ನಲ್ಲೇ ಟೋಕನ್‌ನ ಲಿಂಕ್ ಸೇರಿಸಿದರೆ, ಪ್ಯಾಕ್ ತೆರೆದ ಕೂಡಲೇ ಅದಕ್ಕೆ ಸೇರಿದ ಟೋಕನ್ ಎಷ್ಟು ಎಂದು ಮೇಲೇ ಕಾಣುತ್ತದೆ. ಅದನ್ನು ಒತ್ತಿದರೆ ಯಾವ ದಿನ, ಯಾವ ಊರು ಎಲ್ಲವೂ ಬರುತ್ತದೆ. ಗಿರಾಕಿಗೆ ಪರದೆ ತಿರುಗಿಸಿ ತೋರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ವಾಷ್ ಆಗದೆ ರದ್ದಾದ ಟೋಕನ್ ಇದ್ದರೆ ಅದರಿಂದ ಪ್ಯಾಕಿನ ಹೆಸರು ತೆಗೆಯುವುದನ್ನು ಮಾತ್ರ ಮರೆಯಬೇಡಿ.

ಈಗ ಶಾಖೆಗಳ ನಡುವಿನ ಲೆಕ್ಕ. ಈ ಪ್ಯಾಕ್‌ನಲ್ಲಿ ಒಂದು ವಾಷ್‌ನ ಬೆಲೆ ತೆರಿಗೆ ಬಿಟ್ಟು 400. ತಿಂಗಳ ಕೊನೆಗೆ ಟೋಕನ್ ವರದಿಯಲ್ಲಿ ಮಾರಿದ ಶಾಖೆ ಮತ್ತು ತೊಳೆದ ಶಾಖೆ ಬೇರೆ ಇರುವುದನ್ನು ಎಣಿಸಿ. ಕುವೆಂಪುನಗರದ ಪ್ಯಾಕ್, ಕೆಂಗೇರಿಯ ವಾಷ್ ಆರು ಅಂದರೆ 2,400. ಒಂದು ಜರ್ನಲ್ ಎಂಟ್ರಿ: ಅದೇ ಆದಾಯ ಖಾತೆ ಎರಡು ಸಾಲಿನಲ್ಲಿ. ಕುವೆಂಪುನಗರದ ಕಾಸ್ಟ್ ಸೆಂಟರ್‌ಗೆ ಡೆಬಿಟ್, ಕೆಂಗೇರಿಯದಕ್ಕೆ ಕ್ರೆಡಿಟ್. ಕಂಪನಿಯ ಒಟ್ಟು ಆದಾಯ ಬದಲಾಗುವುದಿಲ್ಲ, ತೆರಿಗೆಯೂ ಬದಲಾಗುವುದಿಲ್ಲ. ಬೆವರು ಸುರಿಸಿದವರ ಪುಸ್ತಕಕ್ಕೆ ದುಡ್ಡು ಸೇರುತ್ತದೆ. ಮಾರ್ಚ್ ಕೊನೆಗೆ ಇನ್ನೂ ಬಳಸದೆ ಉಳಿದ ವಾಷ್‌ಗಳ ಪಟ್ಟಿಯನ್ನು ಆಡಿಟರ್‌ಗೆ ಕೊಡಿ. ಅದು ನೀವು ಗಿರಾಕಿಗೆ ಕೊಡಬೇಕಾದ ಬಾಕಿ.

ತಿಂಗಳ ಮೆಂಬರ್‌ಶಿಪ್ ಮಾಡುವ ಆಸೆ ಇದ್ದರೆ ಪೇಮೆಂಟ್ ಗೇಟ್‌ವೇ ಮೂಲಕ ಯುಪಿಐ ಆಟೋಪೇ ಜೋಡಿಸಬೇಕು. 15,000 ರೂಪಾಯಿವರೆಗೆ ಪ್ರತಿ ತಿಂಗಳು ಪಿನ್ ಕೇಳುವುದಿಲ್ಲ. ದುಡ್ಡು ಕಡಿತವಾಗುವ 24 ಗಂಟೆ ಮುಂಚೆ ಗಿರಾಕಿಗೆ ಸೂಚನೆ ಹೋಗುತ್ತದೆ. ಪ್ಯಾಕ್‌ನ ಲೆಕ್ಕ ಆರು ತಿಂಗಳು ಸರಿಯಾಗಿ ನಡೆದ ಮೇಲೆ ಇದಕ್ಕೆ ಕೈ ಹಾಕಿ.

ಹೆಜ್ಜೆ 9: ಯಾರಿಗೆ ಏನು ಕಾಣಬೇಕು

ಪ್ರತಿ ಕ್ಯಾಷಿಯರ್‌ಗೂ ಸ್ವಂತ ಲಾಗಿನ್. ಒಂದೇ ಪಾಸ್‌ವರ್ಡ್ ಎಲ್ಲರೂ ಹಂಚಿಕೊಂಡರೆ ಇಷ್ಟು ಮಾಡಿದ್ದೆಲ್ಲ ವ್ಯರ್ಥ. 'ಯೂಸರ್ ಪರ್ಮಿಷನ್' ನಲ್ಲಿ ಆ ವ್ಯಕ್ತಿಗೆ ಅವರ ಶಾಖೆಯ ಕಾಸ್ಟ್ ಸೆಂಟರ್ ಮತ್ತು ವೇರ್‌ಹೌಸ್ ಕಟ್ಟಿ, 'ಡೀಫಾಲ್ಟ್' ಟಿಕ್ ಹಾಕಿ. ಟಿಕ್ ಹಾಕದಿದ್ದರೆ ಕಂಪನಿಯ ಮೂಲ ಕಾಸ್ಟ್ ಸೆಂಟರ್ ಬಂದು ಕೂತು 'ಅನುಮತಿ ಇಲ್ಲ' ಎಂಬ ಸಂದೇಶ ಬರುತ್ತದೆ. ನಾವು ಅರ್ಧ ದಿನ ಹುಡುಕಿದ್ದೆವು.

ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ 'ಸ್ಟ್ರಿಕ್ಟ್ ಯೂಸರ್ ಪರ್ಮಿಷನ್' ಹಾಕಿ. ಇಲ್ಲದಿದ್ದರೆ ಕಾಸ್ಟ್ ಸೆಂಟರ್ ಖಾನೆ ಖಾಲಿ ಇರುವ ದಾಖಲೆಗಳು ಎಲ್ಲರಿಗೂ ಕಾಣುತ್ತವೆ. ಗಿರಾಕಿ, ಗಾಡಿ, ಪ್ಯಾಕ್ ಮಾತ್ರ ಮೂರೂ ಶಾಖೆಗೆ ಕಾಣಲೇಬೇಕು. ಪ್ಯಾಕಿನಲ್ಲಿ ಮಾರಿದ ಶಾಖೆಯ ಖಾನೆಗೆ 'ಇಗ್ನೋರ್ ಯೂಸರ್ ಪರ್ಮಿಷನ್ಸ್' ಟಿಕ್ ಹಾಕಿದರೆ ಆಯಿತು. ಟೋಕನ್‌ಗೆ ಆ ಟಿಕ್ ಹಾಕಬೇಡಿ. ಬೇರೆ ಊರಿನ ಟೋಕನ್ ಸೇರಿಸಿ ಒಟ್ಟು ಎಷ್ಟು ಎಂದು ಕ್ಯಾಷಿಯರ್ ನೋಡಬೇಕಾದಾಗ ಮ್ಯಾನೇಜರ್ ಲಾಗಿನ್‌ನಿಂದ ನೋಡಲಿ, ಮ್ಯಾನೇಜರ್‌ಗೆ ಮೂರೂ ಶಾಖೆಯ ಅನುಮತಿ ಕೊಡಿ. ಬಿಲ್ ರದ್ದು ಮಾಡುವ ಅಧಿಕಾರವೂ ಮ್ಯಾನೇಜರ್‌ಗೇ ಇರಲಿ.

ಹೆಜ್ಜೆ 10: ಶಾಂಪೂ ಮತ್ತು ನೀರು

ಶಾಂಪೂ, ಡ್ಯಾಶ್‌ಬೋರ್ಡ್ ಪಾಲಿಶ್, ಮೈಕ್ರೋಫೈಬರ್ ಬಟ್ಟೆ ಇವು ಸ್ಟಾಕ್ ಐಟಂಗಳು. ಶಾಂಪೂ ಲೆಕ್ಕ ಲೀಟರ್‌ನಲ್ಲಿ, ಖರೀದಿ ಕ್ಯಾನ್‌ನಲ್ಲಿ, ಒಂದು ಕ್ಯಾನ್ ಅಂದರೆ 20 ಲೀಟರ್ ಎಂದು ಪರಿವರ್ತನೆ ಹಾಕಿ. ಶಾಖೆಯಿಂದ ಶಾಖೆಗೆ 'ಮೆಟೀರಿಯಲ್ ಟ್ರಾನ್ಸ್‌ಫರ್', ಬಳಕೆಗೆ 'ಮೆಟೀರಿಯಲ್ ಇಶ್ಯೂ'. ಪ್ರತಿ ಸೋಮವಾರ ಉಳಿದದ್ದನ್ನು ಅಳೆದು ಆ ವಾರದ ಟೋಕನ್ ಸಂಖ್ಯೆಯಿಂದ ಭಾಗಿಸಿ. 50 ಎಂಎಲ್ ಇದ್ದದ್ದು 70 ಆಗಿದ್ದರೆ ಹೋಗಿ ನೋಡಿ. ಬಹಳ ಸಲ ಅಳತೆಯ ಮಗ್ ಕಳೆದುಹೋಗಿರುತ್ತದೆ, ಅಷ್ಟೇ.

ನೀರಿಗೂ ಒಂದು ಪುಟ್ಟ ಡಾಕ್‌ಟೈಪ್ ಮಾಡಿ: ಶಾಖೆ, ದಿನ, ಮೀಟರ್ ಓದು, ನೀರು ಎಲ್ಲಿಯದು. ಬೆಂಗಳೂರಿನಲ್ಲಿ ಇದು ಬರೀ ಖರ್ಚಿನ ಪ್ರಶ್ನೆಯಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿತು. ದಂಡ 5,000 ರೂಪಾಯಿ. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ತಪ್ಪು ಮುಂದುವರಿದರೆ ದಿನಕ್ಕೆ 500 ಹೆಚ್ಚುವರಿ. ಕೆಂಗೇರಿ ಶಾಖೆಯಲ್ಲಿ ಸಂಸ್ಕರಿಸಿದ ನೀರಿನ ಪ್ರತಿ ಟ್ಯಾಂಕರ್‌ನ ರಸೀದಿಯ ಫೋಟೊ ಆ ದಿನದ ದಾಖಲೆಗೆ ಅಂಟಿಸಿಡಿ. ಯಾರಾದರೂ ಬಂದು ಕೇಳಿದರೆ ಫೋನ್‌ನಲ್ಲೇ ತೋರಿಸಬಹುದು. ಒಂದು ಕಾರಿಗೆ ಎಷ್ಟು ಲೀಟರ್ ಎಂಬ ನಿಮ್ಮದೇ ಅಂಕಿ ಕೈಗೆ ಸಿಕ್ಕಮೇಲೆ ಕಡಿಮೆ ಮಾಡುವ ದಾರಿಯೂ ಕಾಣುತ್ತದೆ. ಕುಡಿಯುವ ನೀರಿಗೆ ಜನ ಕ್ಯೂ ನಿಂತ ಊರಿನಲ್ಲಿ ನಾವು ಇಷ್ಟಾದರೂ ಮಾಡಬೇಕು.

ಹೆಜ್ಜೆ 11: ಸಂದೇಶ ಮತ್ತು ವರದಿ

'ನಿಮ್ಮ ಕಾರು ರೆಡಿ' ಎಂಬ ಎಸ್ಸೆಮ್ಮೆಸ್‌ಗೆ 'ನೋಟಿಫಿಕೇಶನ್' ನಲ್ಲಿ ಸ್ಥಿತಿ ಬದಲಾದಾಗ ಎಂದು ಹಾಕಿ. ಅದಕ್ಕೂ ಮುಂಚೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ, ವ್ಯಾಪಾರಿ ಎಸ್ಸೆಮ್ಮೆಸ್‌ಗಳನ್ನು ನೋಂದಾಯಿಸುವ ಡಿಎಲ್‌ಟಿ ಜಾಲತಾಣದಲ್ಲಿ ನಿಮ್ಮ ಹೆಡರ್ (ಕಳಿಸುವವರ ಗುರುತು) ಮತ್ತು ಸಂದೇಶದ ಮಾದರಿ ನೋಂದಣಿ ಆಗಿರಬೇಕು. ಆಫರ್ ಸಂದೇಶಕ್ಕೆ ಗಿರಾಕಿಯ ಒಪ್ಪಿಗೆ ಬೇರೆ ಖಾನೆಯಲ್ಲಿ ಕೇಳಿ ಬರೆದುಕೊಳ್ಳಿ.

ವರದಿ ಮೂರೇ ಸಾಕು, ಜಾಸ್ತಿ ಮಾಡಿದರೆ ಯಾವುದನ್ನೂ ನೋಡುವುದಿಲ್ಲ. ಒಂದು, ಬಿಲ್ಲೂ ಪ್ಯಾಕೂ ಕಾರಣವೂ ಇಲ್ಲದ ಟೋಕನ್‌ಗಳು. ಇದು ಖಾಲಿ ಬರಬೇಕು. ಎರಡು, ಹುಡುಗರವಾರು ಕಾರು, ಇನ್ಸೆಂಟಿವ್‌ಗಾಗಿ. ಮೂರು, ಕಾಸ್ಟ್ ಸೆಂಟರ್‌ವಾರು ಲಾಭ ನಷ್ಟ. ಮೊದಲನೆಯದನ್ನು 'ಆಟೋ ಇಮೇಲ್ ರಿಪೋರ್ಟ್' ಮೂಲಕ ದಿನವೂ ನಿಮ್ಮ ಮೇಲ್‌ಗೆ ಬರುವಂತೆ ಇಡಿ.

ಹೆಜ್ಜೆ 12: ಶುರು ಮಾಡುವುದು

ಮೂರೂ ಶಾಖೆ ಒಂದೇ ದಿನ ಬೇಡ. ಮಾಲೀಕರು ಹೆಚ್ಚು ಹೊತ್ತು ಇರುವ ಶಾಖೆಯಲ್ಲಿ ತಿಂಗಳ ಒಂದನೇ ತಾರೀಕು ಶುರು ಮಾಡಿ, 15 ದಿನ ಹಳೆಯ ಪುಸ್ತಕವನ್ನೂ ಜೊತೆಗೆ ಬರೆಯಿರಿ. ಎರಡೂ ತಾಳೆಯಾದ ಮೇಲೆ ಮುಂದಿನ ಶಾಖೆ. ಹೊಸ ಶಾಖೆಯ ಮೊದಲ ವಾರ ಹಳೆಯ ಶಾಖೆಯ ಕ್ಯಾಷಿಯರ್ ಅಲ್ಲಿ ಹೋಗಿ ಕೂರಲಿ. ಸಾಫ್ಟ್‌ವೇರ್ ಕಂಪನಿಯವರು ಹೇಳಿಕೊಡುವುದಕ್ಕಿಂತ ಅವರು ಹೇಳಿಕೊಟ್ಟದ್ದು ಬೇಗ ಹತ್ತುತ್ತದೆ.

ಆಯುಧಪೂಜೆಗೆ ಕನಿಷ್ಠ ಎರಡು ತಿಂಗಳು ಮುಂಚೆ ಎಲ್ಲ ಮುಗಿದಿರಲಿ. ಆ ವಾರ ಹೊಸದೇನನ್ನೂ ಮುಟ್ಟಬೇಡಿ. ಹಬ್ಬದ ದರಕ್ಕೆ ದಿನಾಂಕ ಹಾಕಿದ 'ಪ್ರೈಸಿಂಗ್ ರೂಲ್' ಅನ್ನು ಮೊದಲೇ ಮಾಡಿಡಿ. ಬುಕಿಂಗ್‌ಗೆ ಒಂದು 'ವೆಬ್ ಫಾರಂ' ಇಟ್ಟು ಅದರ ಕ್ಯೂಆರ್ ಕೋಡನ್ನು ಕೌಂಟರ್‌ಗೆ ಅಂಟಿಸಿ. ಪ್ಯಾಕ್ ಇರುವವರಿಗೆ ಬೆಳಗಿನ ಹೊತ್ತು ಮೀಸಲಿಡಿ, ಅವರು ದುಡ್ಡು ಮೊದಲೇ ಕೊಟ್ಟವರು. ಹಿಂದಿನ ವರ್ಷದ ಟೋಕನ್‌ಗಳಲ್ಲಿ ಬಂದ ಸಮಯ, ಹೋದ ಸಮಯ ಇದ್ದರೆ ಕಾರು ತೊಳೆಯುವ ಒಂದು ಜಾಗದಲ್ಲಿ ಗಂಟೆಗೆ ಎಷ್ಟು ಕಾರು ಎಂದು ನಿಮಗೇ ಗೊತ್ತಿರುತ್ತದೆ. ಅಷ್ಟೇ ಬುಕಿಂಗ್ ತೆಗೆದುಕೊಂಡು ಫಾರಂ ಮುಚ್ಚಿಬಿಡಿ.